ಬಂಡಿದಾರಿಯ ಅಗಲ: ಮಧುಗಿರಿ ಉಪವಿಭಾಗದ ಹೊಲದಾರಿ, ಹಟ್ಟಿದಾರಿಗಳ ಚಾರಿತ್ರಿಕ ಅವಲೋಕನ

ಕರ್ನಾಟಕದ ರಸ್ತೆಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಹೆದ್ದಾರಿಗಳ ಚರಿತ್ರೆಯನ್ನೇ ಬರೆದಿದ್ದಾರೆ. ದಂಡು ನಡೆದ ದಾರಿ, ವರ್ತಕರ ದಾರಿ, ಯಾತ್ರಿಕರ ದಾರಿ, ಕಮಿಷನರುಗಳ ಕಾಲದ ಟ್ರಂಕ್ ರಸ್ತೆ ಇವು ದಾಖಲೆಗಳಲ್ಲಿ ಧಾರಾಳವಾಗಿ ದೊರೆಯುತ್ತವೆ. ಊರಿನಿಂದ ಹೊಲಕ್ಕೆ, ಹೊಲದಿಂದ ಕಣಕ್ಕೆ, ಊರಿನಿಂದ ಹಟ್ಟಿಗೆ, ಹಟ್ಟಿಯಿಂದ ಸ್ಮಶಾನಕ್ಕೆ ಹೋಗುವ ದಾರಿಗಳು ಮಾತ್ರ ಚರಿತ್ರಕಾರರ ಗಮನಕ್ಕೆ ಬಂದದ್ದು ಕಡಿಮೆ. ಆದರೆ ಹಳ್ಳಿಯ ಜೀವನದಲ್ಲಿ ಹೆರಿಗೆಯ ನೋವು ಕಾಣಿಸಿಕೊಂಡಾಗಲೋ, ಹಾವು ಕಚ್ಚಿದಾಗಲೋ, ಬಣವೆಗೆ ಬೆಂಕಿ ಬಿದ್ದಾಗಲೋ ಮೊದಲು ಪರೀಕ್ಷೆಗೆ ಒಳಗಾಗುವುದು ಈ ಕೊನೆಯ ಅರ್ಧ ಮೈಲಿಯ ದಾರಿಯೇ ಆಗಿದೆ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲೂಕುಗಳನ್ನು ಒಳಗೊಂಡ ಮಧುಗಿರಿ ಕಂದಾಯ ಉಪವಿಭಾಗದಲ್ಲಿ ಈ ದಾರಿಗಳು ಹೇಗೆ ರೂಪುಗೊಂಡವು, ಯಾವ ವಾಹನದ ಅಳತೆಗೆ ಅವು ಕಾನೂನಿನಲ್ಲಿ ಸ್ಥಿರಗೊಂಡವು, ಅದರ ಪರಿಣಾಮವೇನು ಎಂಬುದು ಈ ಪ್ರಬಂಧದ ವಸ್ತು.

ಈ ನಾಲ್ಕು ತಾಲೂಕುಗಳನ್ನು ಒಟ್ಟಿಗೆ ನೋಡುವುದಕ್ಕೆ ಆಡಳಿತದ ಅನುಕೂಲವೊಂದೇ ಕಾರಣವಲ್ಲ. ಮಳೆ ಕಡಿಮೆ ಬೀಳುವ, ಬಂಡೆಗುಡ್ಡಗಳು ಚದುರಿದ, ಮರಳು ತುಂಬಿದ ಹಳ್ಳಗಳು ಹರಿಯುವ ಪ್ರದೇಶವಿದು. ಜಯಮಂಗಲಿ ಮತ್ತು ಸುವರ್ಣಮುಖಿ ಹೊಳೆಗಳು ಕೊರಟಗೆರೆಯ ಸೀಮೆಯನ್ನು ಹಾದುಹೋಗುತ್ತವೆ. ಹಳ್ಳದ ಮರಳನ್ನು ತೋಡಿ ಊಟೆಯ ನೀರನ್ನು ಕಾಲುವೆಗೆ ಹರಿಸುವ 'ತಲಪರಿಗೆ'ಗಳು ಜಿಲ್ಲೆಯ ಈ ಈಶಾನ್ಯ ಭಾಗದ ವೈಶಿಷ್ಟ್ಯವೆಂದು ಬಿ. ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ಗುರುತಿಸಿದ್ದಾರೆ. ತಲಪರಿಗೆಗೆ ಹೋಗುವ ದಾರಿ ಒಬ್ಬರ ಸ್ವತ್ತಾಗಿರಲು ಸಾಧ್ಯವಿರಲಿಲ್ಲ. ವರ್ಷಕ್ಕೊಮ್ಮೆ ಊರಿನವರೆಲ್ಲ ಗುದ್ದಲಿ ಹಿಡಿದು ಹೂಳೆತ್ತಲು ಹೋಗಬೇಕಾಗಿದ್ದುದರಿಂದ ಅದು ಊರೊಟ್ಟಿನ ದಾರಿಯೇ ಆಗಿತ್ತು. ಪಾವಗಡದ ಸ್ಥಿತಿ ಇನ್ನೂ ವಿಶೇಷವಾದುದು. ಆಂಧ್ರಪ್ರದೇಶದ ಸೀಮೆ ಅದನ್ನು ಬಹುತೇಕ ಸುತ್ತುವರಿದಿದ್ದು, ಚಿತ್ರದುರ್ಗ ಜಿಲ್ಲೆಯ ಕಡೆಯಿಂದ ಮಾತ್ರ ಅದು ರಾಜ್ಯದ ನೆಲಕ್ಕೆ ಅಂಟಿಕೊಂಡಿದೆ. ಮಧುಗಿರಿಯ ಮಾರ್ಗವಾಗಿ ಜಿಲ್ಲಾ ಕೇಂದ್ರಕ್ಕೆ ಬರುವವರು ಮಡಕಶಿರಾ ಸೀಮೆಯನ್ನು ಹಾದೇ ಬರಬೇಕು. ಸುಮಾರು ನೂರು ಕಿಲೋಮೀಟರಿನ ಆ ಪಯಣದ ಮೊದಲ ತೊಡಕು ರಾಜ್ಯದ ಗಡಿಯಲ್ಲಿಲ್ಲ, ಹಳ್ಳಿಯ ಬೇಲಿಯಲ್ಲಿದೆ ಎಂಬುದು ಮುಂದಿನ ವಿವರಗಳಿಂದ ವೇದ್ಯವಾಗುತ್ತದೆ.

ಕನ್ನಡ ಶಾಸನಗಳ ಎಲ್ಲೆಯ ವಿವರಗಳಲ್ಲಿ 'ಬಟ್ಟೆ', 'ಹೆಬ್ಬಟ್ಟೆ' ಎಂಬ ಪದಗಳು ಕಂಡುಬರುತ್ತವೆ. ದತ್ತಿ ಬಿಟ್ಟ ಭೂಮಿಯ ಮೇರೆಯನ್ನು ಹೇಳುವಾಗ ಕೆರೆಯ ಕೋಡಿ, ಹುತ್ತ, ನಟ್ಟ ಕಲ್ಲುಗಳಂತೆಯೇ ದಾರಿಯೂ ಒಂದು ಗುರುತು. ಗಮನಿಸಬೇಕಾದ ಸಂಗತಿಯೆಂದರೆ ಅಲ್ಲಿ ದಾರಿ ಗಡಿಯಾಗಿ ಬರುತ್ತದೆಯೇ ಹೊರತು ಹಕ್ಕಾಗಿ ಬರುವುದು ವಿರಳ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳಲ್ಲಿ ದಾರಿಗೆ ಸ್ಥಾನವಿಲ್ಲ. ಈ ಅಷ್ಟಭೋಗ ತೇಜಸ್ವಾಮ್ಯದ ವಾಕ್ಯ ಇಂದಿಗೂ ಕ್ರಯಪತ್ರಗಳಲ್ಲಿ ಉಳಿದುಬಂದಿದೆ. ಹೊಲವನ್ನು ಕೊಂಡವನಿಗೆ ನೆಲದೊಳಗಿನ ನಿಧಿಯ ಹಕ್ಕನ್ನು ಬರೆದುಕೊಡುವ ಪತ್ರವು, ಆ ಹೊಲಕ್ಕೆ ಹೋಗುವ ದಾರಿಯ ಬಗ್ಗೆ 'ಮಾಮೂಲು ದಾರಿ' ಎಂಬ ಎರಡೇ ಪದಗಳಲ್ಲಿ ಮುಗಿಸುತ್ತದೆ. ಎಷ್ಟೋ ಪತ್ರಗಳಲ್ಲಿ ಅದೂ ಇರುವುದಿಲ್ಲ.

ಮಧ್ಯಕಾಲದ ಶಿರಾ ದೊಡ್ಡ ದಾರಿಗಳ ಸಂಧಿಸ್ಥಾನವಾಗಿತ್ತು. 1687ರಲ್ಲಿ ಮೊಘಲರು ಬಿಜಾಪುರದ ಕರ್ನಾಟಕ ಪ್ರಾಂತವನ್ನು ಗೆದ್ದು ಶಿರಾವನ್ನು ಸುಭಾದ ಕೇಂದ್ರವನ್ನಾಗಿಸಿದರು. ಬಸವಾಪಟ್ಟಣ, ಬೂದಿಹಾಳು, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರಗಳು ಶಿರಾದೊಡನೆ ಈ ಸುಭಾದ ಪರಗಣಗಳಾಗಿದ್ದವು. ಅದಕ್ಕೂ ಮೊದಲೇ 1678ರಲ್ಲಿ ಚಿಕ್ಕದೇವರಾಜ ಒಡೆಯರು ಮಧುಗಿರಿಯನ್ನು ವಶಪಡಿಸಿಕೊಂಡಿದ್ದರು. 1761ರಲ್ಲಿ ಶಿರಾ ಹೈದರಾಲಿಯ ಕೈಸೇರಿತು. ಅನಂತರ ಕೆಲವು ವರ್ಷ ಮರಾಠರ ಅಧೀನದಲ್ಲಿದ್ದು ಮತ್ತೆ ಮೈಸೂರಿಗೆ ಸೇರಿತು. ಇಷ್ಟು ದಂಡುಗಳು ಓಡಾಡಿದ ನಾಡಿನಲ್ಲಿ ಹಳ್ಳಿಗಳು ದಾರಿಯನ್ನು ಅಗಲ ಮಾಡುವುದಕ್ಕಿಂತ ಕಿರಿದಾಗಿಸುವುದರಲ್ಲಿಯೇ ತಮ್ಮ ಕ್ಷೇಮವನ್ನು ಕಂಡುಕೊಂಡದ್ದು ಸಹಜವೇ. ಮಣ್ಣಿನ ಗೋಡೆ, ಮೂಲೆಗೊಂದು ಹುಡೇವು, ಸುತ್ತ ಮುಳ್ಳಿನ ಬೇಲಿ, ಒಂದೇ ಊರಬಾಗಿಲು ಎಂಬ ವಿನ್ಯಾಸ ಈ ಸೀಮೆಯ ಹಳೆಯ ಊರುಗಳ ಲಕ್ಷಣ. ಕುದುರೆ ಸವಾರ ನೇರವಾಗಿ ನುಗ್ಗಲಾರದಂತೆ ಓಣಿಗಳು ಡೊಂಕಾಗಿದ್ದವು. ಇಂದು ಅಗ್ನಿಶಾಮಕ ವಾಹನ ತಿರುಗಲಾರದ ಮೂಲೆಗಳಲ್ಲಿ ಕೆಲವು ಹೀಗೆ ಬುದ್ಧಿಪೂರ್ವಕವಾಗಿ ಉಂಟಾದವು ಎಂಬುದನ್ನು ಮರೆಯುವಂತಿಲ್ಲ.

ಆ ಕಾಲದ ಸಾಗಾಣಿಕೆಯ ಅಳತೆ ಬಂಡಿಯಲ್ಲ, ಹೇರೆತ್ತು. 1800ರಲ್ಲಿ ಮಧುಗಿರಿ, ಶಿರಾಗಳ ಮೂಲಕ ಸಂಚರಿಸಿದ ಫ್ರಾನ್ಸಿಸ್ ಬುಕನನ್ನನ ಪ್ರವಾಸ ಕಥನದಲ್ಲಿ ಸರಕು ಎತ್ತಿನ ಬೆನ್ನಿನ ಮೇಲೆ ಸಾಗುವ ಚಿತ್ರವೇ ಪ್ರಧಾನವಾಗಿದೆ. ಲಂಬಾಣಿಗರೂ ಕೊರಚರೂ ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಸಾಗಿಸುತ್ತಿದ್ದರು. ಹೇರೆತ್ತಿಗೆ ಎರಡು ಮೊಳದ ದಾರಿ ಸಾಕು. ತಲೆಹೊರೆಯವನಿಗೆ ಅದೂ ಬೇಡ. ದಾರಿಯ ಮಗ್ಗುಲಲ್ಲಿ ನಿಂತ ಹೊರೆಗಲ್ಲುಗಳು ಆ ಕಾಲ್ನಡಿಗೆಯ ಯುಗದ ಸಾಕ್ಷಿಗಳಾಗಿ ಅಲ್ಲಲ್ಲಿ ಉಳಿದುಕೊಂಡಿವೆ. ಹಳ್ಳಿಯ ದಾರಿಯೆಂದರೆ ಅನಾದಿಯಿಂದಲೂ ಬಂಡಿಯ ದಾರಿಯೇ ಎಂಬ ಸಾಮಾನ್ಯ ಗ್ರಹಿಕೆಯನ್ನು ಇಲ್ಲಿ ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ. ಬಂಡಿ ಸರ್ವಸಾಮಾನ್ಯವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಸರ್ಕಾರ ರಸ್ತೆ ಮಾಡಿಸಿದ ಮೇಲೆ.

ಆ ರಸ್ತೆಗಳು ಮಾರ್ಕ್ ಕಬ್ಬನ್ನನ ಆಡಳಿತದ (1834-1861) ಫಲ. 1856ರಲ್ಲಿ ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ಪ್ರತ್ಯೇಕವಾಗಿ ಸ್ಥಾಪನೆಯಾಗುವ ವೇಳೆಗೆ ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆ ನಿರ್ಮಾಣವಾಗಿತ್ತು. ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೂಲಕ ಹರಿಹರದತ್ತ ಹೋಗುವ ದಾರಿ ಇವುಗಳಲ್ಲಿ ಮುಖ್ಯವಾದುದು. ಕಾಲಾಂತರದಲ್ಲಿ ಅದೇ ರಾಷ್ಟ್ರೀಯ ಹೆದ್ದಾರಿ 4 ಆಗಿ, ಈಗ 48ನೆಯ ಸಂಖ್ಯೆಯನ್ನು ಹೊತ್ತಿದೆ. ಇನ್ನೊಂದು ದಾರಿ ಶಿರಾದಿಂದ ಮಧುಗಿರಿ, ಗೌರಿಬಿದನೂರುಗಳ ಕಡೆಗೆ ಹೋಗುತ್ತದೆ. ಈ ದಾರಿಗಳ ಚರಿತ್ರೆ ಬೇರೆಡೆ ಚರ್ಚಿತವಾಗಿರುವುದರಿಂದ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ತುರ್ತು ಸಂದರ್ಭದಲ್ಲಿ ದಾರಿಯ ಕೊರತೆ ಏನು ಮಾಡಬಲ್ಲುದು ಎಂಬುದನ್ನು ಇಡೀ ಸಂಸ್ಥಾನಕ್ಕೆ ತೋರಿಸಿಕೊಟ್ಟದ್ದು 1876-78ರ ಮಹಾಕ್ಷಾಮ. 1871ರಲ್ಲಿ 50,55,412 ಇದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ 41,86,188ಕ್ಕೆ ಇಳಿದಿತ್ತು. ಹೊರಗಿನ ಧಾನ್ಯ ಮದರಾಸಿನ ಕಡೆಯಿಂದ ರೈಲಿನಲ್ಲಿ ಬೆಂಗಳೂರಿನವರೆಗೆ ಬರುತ್ತಿತ್ತು. ಅಲ್ಲಿಂದ ಮುಂದೆ ಎತ್ತಿನ ಬಂಡಿಯೇ ಗತಿ. ಮೇವು ನೀರಿಲ್ಲದೆ ಎತ್ತುಗಳೇ ಸಾಯುತ್ತಿದ್ದಾಗ ಬಂಡಿಯನ್ನು ಎಳೆಯುವವರಾರು? ತುಮಕೂರಿಗೆ ರೈಲು ಬಂದದ್ದು 1884ರಲ್ಲಿ, ಕ್ಷಾಮ ಮುಗಿದು ಆರು ವರ್ಷಗಳ ಮೇಲೆ. ಆ ಮಾರ್ಗವೂ ಈ ನಾಲ್ಕು ತಾಲೂಕುಗಳಲ್ಲಿ ಒಂದನ್ನೂ ಮುಟ್ಟಲಿಲ್ಲ. ಕ್ಷಾಮದ ಪಾಠವನ್ನು ಸರ್ಕಾರ ರೈಲು ಮತ್ತು ದೊಡ್ಡ ರಸ್ತೆಗಳ ರೂಪದಲ್ಲಿ ಕಲಿತುಕೊಂಡಿತು. ಹಳ್ಳಿಯ ಒಳದಾರಿಯ ಪ್ರಶ್ನೆ ಆಗಲೇ ಮತ್ತೊಂದು ಇಲಾಖೆಯ ಕೈಯಲ್ಲಿ, ಬೇರೊಂದು ಉದ್ದೇಶಕ್ಕಾಗಿ, ತೀರ್ಮಾನವಾಗುತ್ತಿತ್ತು.

ಆ ಇಲಾಖೆ ಸರ್ವೆ ಮತ್ತು ಸೆಟಲ್‌ಮೆಂಟ್. ಕಮಿಷನರ್ ಬೌರಿಂಗನ ಕಾಲದಲ್ಲಿ, 1863ರಲ್ಲಿ, ಮುಂಬಯಿ ಪದ್ಧತಿಯ ಮೋಜಣಿ ಚಿತ್ರದುರ್ಗದ ಕಡೆಯಿಂದ ಆರಂಭವಾಗಿ ಮುಂದಿನ ದಶಕಗಳಲ್ಲಿ ಉಳಿದ ಜಿಲ್ಲೆಗಳಿಗೆ ವ್ಯಾಪಿಸಿತು. ಕಂಡುಗ, ಕೊಳಗ ಎಂಬ ಬಿತ್ತನೆಯ ಲೆಕ್ಕದ ಭೂಮಿ ಎಕರೆ, ಗುಂಟೆಗಳಿಗೆ ತಿರುಗಿತು. ಮೋಜಣಿದಾರನ ಸರಪಳಿ 33 ಅಡಿ ಉದ್ದ. ಅದರಲ್ಲಿ 16 ಆಣೆಗಳು. ಒಂದು ಸರಪಳಿ ಚಚ್ಚೌಕವೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಈ ಸರಪಳಿಯೇ ಅಂದಿನಿಂದ ಹಳ್ಳಿಯ ನೆಲದ ವ್ಯಾಕರಣವಾಯಿತು. ಹೊಲಗಳಿಗೆ ಸರ್ವೆ ನಂಬರು, ಕಲ್ಲು, ಟಿಪ್ಪಣಿ ಪುಸ್ತಕ, ಆಕಾರ್‌ಬಂದ್ ಹಾಗೂ ಗ್ರಾಮ ನಕಾಶೆ ಸಿದ್ಧವಾದವು.

ನಕಾಶೆಯಲ್ಲಿ ದಾರಿಗಳನ್ನು ಗುರುತಿಸಿದ ಬಗೆ ವಿಚಾರಾರ್ಹವಾಗಿದೆ. ಒಂದು ಸಾಲು ಚುಕ್ಕಿ ಕಾಲುದಾರಿ. ಎರಡು ಸಾಲು ಚುಕ್ಕಿ ಬಂಡಿದಾರಿ. ಸಾಮಾನ್ಯ ಗ್ರಾಮ ನಕಾಶೆ ಮೈಲಿಗೆ ಎಂಟು ಅಂಗುಲದ ಪ್ರಮಾಣದ್ದು, ಅಂದರೆ ಒಂದು ಅಂಗುಲಕ್ಕೆ 660 ಅಡಿ. ಅರ್ಧ ಸರಪಳಿ ಅಥವಾ ಹದಿನಾರೂವರೆ ಅಡಿ ಅಗಲದ ದಾರಿಯೊಂದು ಈ ಪ್ರಮಾಣದಲ್ಲಿ ಅಂಗುಲದ ನಲವತ್ತನೆಯ ಒಂದು ಭಾಗವಾಗುತ್ತದೆ. ಲೇಖನಿಯ ಗೀಟಿನ ದಪ್ಪಕ್ಕಿಂತ ಹೆಚ್ಚೇನಲ್ಲ. ಆದ್ದರಿಂದ ನಕಾಶೆ ಇಲ್ಲಿ ದಾರಿ ಇದೆ ಎಂದು ಹೇಳಬಲ್ಲುದು, ಅದು ಬಂಡಿಗೋ ಕಾಲಿಗೋ ಎಂದು ಹೇಳಬಲ್ಲುದು. ಎಷ್ಟು ಅಗಲ ಎಂದು ಹೇಳಲಾರದು. ಅಗಲವನ್ನು ಅಳೆದಿದ್ದರೆ ಅದು ಟಿಪ್ಪಣಿಯಲ್ಲಿ ದೊರೆಯಬೇಕು. ದಾರಿಗೆ ಹೋದ ನೆಲವನ್ನು ಕಂದಾಯದಿಂದ ಬಿಡುವ ಸಲುವಾಗಿ ಮಾತ್ರ ಮೋಜಣಿದಾರ ಅದನ್ನು ಅಳೆಯುತ್ತಿದ್ದ. ಸರ್ಕಾರದ ದೃಷ್ಟಿಯಲ್ಲಿ ದಾರಿ ಎಂದರೆ ತೆರಿಗೆ ಹುಟ್ಟದ ನೆಲ, ಖರಾಬು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮ ಮತ್ತು 1966ರ ನಿಯಮಗಳು ಈ ಪರಂಪರೆಯನ್ನೇ ಮುಂದುವರಿಸಿದವು. ಬಂಡೆ, ಕೊರಕಲು, ಹಿಡುವಳಿದಾರನ ಸ್ವಂತ ಕಣ ಮುಂತಾದುವು 'ಎ' ಖರಾಬು; ರಸ್ತೆ, ರೂಢಿಯ ಕಾಲುದಾರಿ, ಇತರರೂ ಬಳಸುವ ಹಳ್ಳ ಕೆರೆ, ಸ್ಮಶಾನ ಮುಂತಾದುವು 'ಬಿ' ಖರಾಬು. ಅಧಿನಿಯಮದ 67ನೆಯ ಪ್ರಕರಣದ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರ್ಕಾರದ ಸ್ವತ್ತು.

ಹೀಗೆ ನಕಾಶೆಯಲ್ಲಿ ಚುಕ್ಕಿ ಬಿದ್ದ ದಾರಿ ಸರ್ಕಾರದ್ದಾಯಿತು. ಚುಕ್ಕಿ ಬೀಳದ ದಾರಿಯ ಗತಿ? ಅದು ಖಾಸಗಿ ದಾರಿ. ಅದರ ಹಕ್ಕನ್ನು 1882ರ ಈಸ್‌ಮೆಂಟ್ ಕಾಯಿದೆಯಲ್ಲಿ ಹುಡುಕಬೇಕು. ಒಂದು ಹಿಡುವಳಿ ಒಡೆದು ಭಾಗವಾದಾಗ ಬೇರೆ ದಾರಿಯೇ ಇಲ್ಲದ ಭಾಗದವನಿಗೆ ಅವಶ್ಯಕತೆಯ ದಾರಿ ಲಭಿಸುತ್ತದೆ (13ನೆಯ ಪ್ರಕರಣ). ಇಪ್ಪತ್ತು ವರ್ಷ ನಿರಾತಂಕವಾಗಿ, ಬಹಿರಂಗವಾಗಿ, ಹಕ್ಕಿನಿಂದ ನಡೆದಾಡಿದವನಿಗೆ ರೂಢಿಯ ಹಕ್ಕು ಬರುತ್ತದೆ (15ನೆಯ ಪ್ರಕರಣ). ಇವೆರಡೂ ವಕೀಲರ ಬಾಯಲ್ಲಿ ಸದಾ ಇರುವ ಪ್ರಕರಣಗಳು. ಆದರೆ ಚರಿತ್ರೆಯ ದೃಷ್ಟಿಯಿಂದ ಹೆಚ್ಚು ಮಹತ್ವದ್ದು 28ನೆಯ ಪ್ರಕರಣ. ಅವಶ್ಯಕತೆಯ ಹಕ್ಕು ಅದು ಹುಟ್ಟಿದ ಕಾಲದಲ್ಲಿ ಇದ್ದ ಅವಶ್ಯಕತೆಯಷ್ಟೇ ವಿಸ್ತಾರವುಳ್ಳದ್ದು ಎಂದೂ, ಬೇರೆ ಸಾಕ್ಷ್ಯವಿಲ್ಲದಿದ್ದಲ್ಲಿ ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯ ದಾರಿಯ ಹಕ್ಕು ಸೇರುವುದಿಲ್ಲ ಎಂದೂ ಅದು ಹೇಳುತ್ತದೆ. ಕಾಲ್ನಡಿಗೆಯ ಹಕ್ಕುಳ್ಳವನು ಬಂಡಿ ಹೊಡೆಯುವಂತಿಲ್ಲ. ಬಂಡಿಯ ಹಕ್ಕುಳ್ಳವನು ಮೋಟಾರು ವಾಹನವನ್ನು ತರಬಹುದೇ ಎಂಬುದು ವ್ಯಾಜ್ಯಕ್ಕೆ ಎಡೆಗೊಡುವ ಪ್ರಶ್ನೆ. ಅಂದರೆ ನಕಾಶೆಯೂ ಕಾಯಿದೆಯೂ ಸೇರಿ ಹೊಲದಾರಿಯನ್ನು ಹತ್ತೊಂಬತ್ತನೆಯ ಶತಮಾನದ ವಾಹನದ ಅಳತೆಗೆ ಬಿಗಿದುಬಿಟ್ಟವು. ಬಂಡಿ ಆಗ ಹೊಸ ವಾಹನ. ಹೊಸದಕ್ಕೆ ಮಾಡಿದ ಅಳತೆ ನೂರೈವತ್ತು ವರ್ಷಗಳಲ್ಲಿ ಹಳೆಯ ಮಾಮೂಲಾಯಿತು.

ಮುಂಬಯಿ ಪ್ರಾಂತದಲ್ಲಿ ಇದಕ್ಕೊಂದು ಪೂರಕ ವ್ಯವಸ್ಥೆ ಇತ್ತು. 1906ರ ಮಾಮ್ಲೇದಾರ್ ನ್ಯಾಯಾಲಯಗಳ ಕಾಯಿದೆಯ ಮೇರೆಗೆ ಹೊಲಕ್ಕೆ ಹೋಗುವ ರೂಢಿಯ ದಾರಿಯನ್ನು ಅಡ್ಡಗಟ್ಟಿದವನ ವಿರುದ್ಧ ರೈತ ತಾಲೂಕು ಅಧಿಕಾರಿಯ ಬಳಿಗೇ ಹೋಗಿ ಬೇಗನೆ ಪರಿಹಾರ ಪಡೆಯಬಹುದಿತ್ತು. ಮಹಾರಾಷ್ಟ್ರದ 1966ರ ಭೂಕಂದಾಯ ಸಂಹಿತೆಯ 143ನೆಯ ಪ್ರಕರಣ, ಸರ್ವೆ ನಂಬರುಗಳ ಬದುವಿನ ಮೇಲೆ ದಾರಿಯನ್ನು ತೀರ್ಮಾನಿಸುವ ಅಧಿಕಾರವನ್ನು ತಹಶೀಲ್ದಾರನಿಗೆ ಕೊಟ್ಟಿದೆ. ಮುಂಬಯಿಯ ಸರಪಳಿಯನ್ನು ತಂದ ಮೈಸೂರು ಮುಂಬಯಿಯ ಈ ನ್ಯಾಯಾಲಯವನ್ನು ತರಲಿಲ್ಲ. ಹಳೆಯ ಮೈಸೂರಿನಲ್ಲಿ ಆ ಕೆಲಸವನ್ನು ಬಹುಕಾಲ ನಿರ್ವಹಿಸಿದವರು ಪಟೇಲ, ಶಾನುಭೋಗರು, ಗಡಿಯನ್ನು ಬಲ್ಲ ತೋಟಿ ತಳವಾರರು. ಯಾವ ಬದುವಿನ ಮೇಲೆ ಯಾರ ಬಂಡಿ ಹೋಗಬೇಕು, ಪೈರು ನಿಂತಾಗ ಯಾವ ಮಗ್ಗುಲಲ್ಲಿ ಬಳಸಬೇಕು ಎಂಬುದು ಅವರ ನೆನಪಿನಲ್ಲಿತ್ತು. ಆ ನೆನಪು ನಿಷ್ಪಕ್ಷಪಾತವಾಗಿತ್ತು ಎಂದು ಹೇಳಲಾಗದು. ಊರ ಹೊರಗಿನ ಕೇರಿಯವರ ದಾರಿ, ಅವರ ಸ್ಮಶಾನದ ದಾರಿ ಮೇಲಿನವರ ಮರ್ಜಿಯನ್ನೇ ಅವಲಂಬಿಸಿತ್ತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯದ ಹುದ್ದೆಗಳು ಕೊನೆಗೊಂಡವು. ಅದು ಆಗಲೇಬೇಕಾಗಿದ್ದ ಕೆಲಸ. ಆದರೆ ಬಾಯಿಮಾತಿನ ದಾರಿಗಳನ್ನು ಕಾಗದಕ್ಕೆ ಇಳಿಸುವ ಕಾರ್ಯ ಅದರೊಡನೆ ನಡೆಯಲಿಲ್ಲ.

ಅಷ್ಟರಲ್ಲಿ ಹೊಲಗಳು ಒಡೆಯತೊಡಗಿದವು. ಇನಾಮು ರದ್ದಿಯಾತಿ, 1974ರ ಭೂಸುಧಾರಣಾ ತಿದ್ದುಪಡಿ, ದರಖಾಸ್ತು ಮಂಜೂರಾತಿ, ಬಗರ್ ಹುಕುಂ ಸಾಗುವಳಿಯ ಸಕ್ರಮ ಇವೆಲ್ಲ ಭೂಮಿ ಇಲ್ಲದವರಿಗೆ ಭೂಮಿ ಕೊಟ್ಟವು. ಗೋಮಾಳದ ನಡುವೆ ಮಂಜೂರಾದ ಎರಡು ಎಕರೆಗೆ ದಾರಿಯನ್ನು ಮಂಜೂರು ಮಾಡಿದ ಆದೇಶಗಳು ಮಾತ್ರ ಕಡಿಮೆ. ಕುಟುಂಬಗಳ ವಿಭಾಗವಂತೂ ಪ್ರತಿ ತಲೆಮಾರಿನ ಸಂಗತಿ. ಉದಾಹರಣೆಗೆ 20 ಸರಪಳಿ ಉದ್ದ, 16 ಸರಪಳಿ ಅಗಲದ ಎಂಟು ಎಕರೆಯ ನಂಬರೊಂದನ್ನು ತೆಗೆದುಕೊಳ್ಳಬಹುದು. ಒಂದು ತುದಿಗೆ ಬಂಡಿದಾರಿ, ನಾಲ್ವರು ಅಣ್ಣತಮ್ಮಂದಿರು. ಉದ್ದಕ್ಕೆ ಸೀಳಿದರೆ ನಾಲ್ವರಿಗೂ ದಾರಿ ದೊರೆಯುತ್ತದೆ. ಆದರೆ ಇಳಿಜಾರಿಗೆ ಅಡ್ಡಲಾಗಿ ಹಿಂದಿನವರು ಹಾಕಿದ ಬದುಗಳನ್ನೇ ಗಡಿಯಾಗಿ ಹಿಡಿಯುವುದು ರೂಢಿ. ಬಾವಿ ಯಾರ ಪಾಲಿಗೆ ಎಂಬುದೇ ಪಂಚಾಯಿತಿಯ ಮುಖ್ಯ ಚರ್ಚೆ. ಅಡ್ಡಲಾಗಿ ಒಡೆದಾಗ ಕೊನೆಯವನ ಪಾಲನ್ನು ಮುಟ್ಟಲು ಮೂವರ ಹೊಲಗಳಲ್ಲಿ 15 ಸರಪಳಿ ನಡೆಯಬೇಕು. ಅರ್ಧ ಸರಪಳಿ ಅಗಲ ಬಿಟ್ಟರೆ ಏಳೂವರೆ ಗುಂಟೆ ಹೋಗುತ್ತದೆ. ಅಣ್ಣತಮ್ಮಂದಿರು ಹೊಂದಿಕೊಂಡಿರುವಷ್ಟು ಕಾಲ ಇದರ ಲೆಕ್ಕ ಯಾರೂ ಹಾಕುವುದಿಲ್ಲ. ಮುಂದಿನ ತಲೆಮಾರಿನಲ್ಲಿ, ಅಥವಾ ಒಂದು ಪಾಲು ಹೊರಗಿನವರಿಗೆ ಮಾರಾಟವಾದಾಗ, ಬದುವಿನ ಮೇಲೆ ಕಲ್ಲುಕಂಬ ಏಳುತ್ತದೆ.

ಪೋಡಿ ದುರಸ್ತಿಯ ನಕ್ಷೆ ಹಿಸ್ಸೆಗಳ ಗಡಿಯನ್ನು ನಿಖರವಾಗಿ ತೋರಿಸುತ್ತದೆ. 2000ದ ಆಸುಪಾಸಿನಲ್ಲಿ ಆರಂಭವಾದ 'ಭೂಮಿ' ಯೋಜನೆ ಪಹಣಿಗಳನ್ನು ಗಣಕಕ್ಕೆ ಏರಿಸಿತು; ಅದು ರಾಷ್ಟ್ರದ ಗಮನ ಸೆಳೆದ ಸಾಧನೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಪಹಣಿಯಲ್ಲಿ 'ಬಿ' ಖರಾಬು ಬರಿಯ ಅಂಕಿ. ಎರಡು ಗುಂಟೆ ಖರಾಬು ಎಂದು ಅಲ್ಲಿದ್ದರೆ ಆ ಎರಡು ಗುಂಟೆ ಹೊಲದ ಯಾವ ಮಗ್ಗುಲಲ್ಲಿದೆ, ಅದು ದಾರಿಯೋ ಹಳ್ಳವೋ ಎಂದು ತಿಳಿಯಲು ಮತ್ತೆ ಹಳೆಯ ಟಿಪ್ಪಣಿಗೇ ಹೋಗಬೇಕು. ಉತ್ತವನು ಆ ಎರಡು ಗುಂಟೆಯನ್ನೂ ಉಳುವುದು, ದಾರಿ ಪ್ರತಿ ವರ್ಷ ಒಂದು ಸಾಲಿನಷ್ಟು ಕಿರಿದಾಗುವುದು ಈ ಸೀಮೆಯ ಶೇಂಗಾ ಹೊಲಗಳಲ್ಲಿ ಅಪೂರ್ವವಲ್ಲ. ಊರೊಳಗಿನ ಓಣಿಯನ್ನು ತಿಪ್ಪೆ, ಬಣವೆಗಳು ನುಂಗುವುದೂ ಇದೇ ಬಗೆಯಲ್ಲಿ.

ಹಟ್ಟಿಗಳ ಪ್ರಶ್ನೆ ಹೊಲಗಳಿಗಿಂತ ಜಟಿಲ. ಶಿರಾ, ಮಧುಗಿರಿ, ಪಾವಗಡ ತಾಲೂಕುಗಳಲ್ಲಿ ಕಾಡುಗೊಲ್ಲರ ಹಟ್ಟಿಗಳು ಹೇರಳವಾಗಿವೆ. ಸುತ್ತ ಮುಳ್ಳುಬೇಲಿ, ನಡುವೆ ದೇವರ ಗುಡಿ, ರೊಪ್ಪಗಳು, ಒಂದೇ ಉಕ್ಕಡ. ಕುರಿ ಮೇಕೆಗಳ ಕಾವಲಿಗೆ ಹೇಳಿ ಮಾಡಿಸಿದ ವಿನ್ಯಾಸ. ಇಂಥ ಹಟ್ಟಿ, ತಾಂಡಾ, ಪಾಳ್ಯ, ದೊಡ್ಡಿಗಳಲ್ಲಿ ಹಲವು, ಮೂಲಗ್ರಾಮದ ನಕಾಶೆಯಲ್ಲಿ ಹೊಲದ ನಂಬರುಗಳಷ್ಟೇ. ಗ್ರಾಮಠಾಣೆಯ ಗೆರೆಯೊಳಗೆ ಅವು ಇರಲಿಲ್ಲ. ಜನ ವಾಸವಾಗಿದ್ದರೂ ದಾಖಲೆಯ ಪ್ರಕಾರ ಅಲ್ಲಿ ಊರಿಲ್ಲ. ಊರಿಲ್ಲದ ಕಡೆಗೆ ಊರದಾರಿ ಇರಲು ಕಾರಣವಿಲ್ಲ. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲು ಸೀಮೆಯಲ್ಲಿ 500ಕ್ಕೂ ಹೆಚ್ಚು ಜನರಿರುವ ವಸತಿಗಳನ್ನು ಗುರಿಯಾಗಿಸಿಕೊಂಡಿತು. ಅದರಲ್ಲಿ ಭೂಸ್ವಾಧೀನಕ್ಕೆ ಹಣವಿರಲಿಲ್ಲ. ನೆಲವನ್ನು ರಾಜ್ಯವೇ ಒದಗಿಸಬೇಕು. ಅಲ್ಪಸಂಖ್ಯೆಯ ಹಟ್ಟಿ, ಖಾಸಗಿ ಹೊಲದ ದಾರಿ, ಈ ಎರಡು ಕಾರಣಗಳಲ್ಲಿ ಒಂದಿದ್ದರೂ ರಸ್ತೆ ಹಟ್ಟಿಯ ಹೊರಗೇ ನಿಲ್ಲುತ್ತಿತ್ತು.

ಭೂಸುಧಾರಣಾ ಕಾಯಿದೆಗೆ 2016ರಲ್ಲಿ ತಂದು ಮರುವರ್ಷ ಜಾರಿಗೆ ಬಂದ ತಿದ್ದುಪಡಿಯ 38-ಎ ಪ್ರಕರಣ ಮತ್ತು ಭೂಕಂದಾಯ ಕಾಯಿದೆಯ 94-ಡಿ ಪ್ರಕರಣ ಈ ದೃಷ್ಟಿಯಿಂದ ಚಾರಿತ್ರಿಕವಾದವು. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ವಡ್ಡರಹಟ್ಟಿ, ನಾಯಕರಹಟ್ಟಿ, ಮಜರೆ ಗ್ರಾಮ, ಹಾಡಿ, ದೊಡ್ಡಿ, ಪಾಳ್ಯ ಮುಂತಾದ ದಾಖಲೆರಹಿತ ಜನವಸತಿಗಳ ನಿವಾಸಿಗಳಿಗೆ ಮನೆಯ ಹಕ್ಕು ನೀಡಿ, ಅವುಗಳನ್ನು ಕಂದಾಯ ಗ್ರಾಮಗಳಾಗಿಸುವ ಕಾರ್ಯ ಆರಂಭವಾಯಿತು. ಹೊಸ ಕಂದಾಯ ಗ್ರಾಮಕ್ಕೆ ಹೊಸ ನಕ್ಷೆ ಬೇಕು. ಮನೆಗಳನ್ನು ಮಾತ್ರ ಅಳೆದು ನಡುವಿನ ಸಂದಿಯನ್ನು ಬಿಟ್ಟರೆ ಹಳೆಯ ತಪ್ಪು ಮತ್ತೆ ದಾಖಲಾಗುತ್ತದೆ. ಹಟ್ಟಿಯಿಂದ ಮೂಲಗ್ರಾಮದವರೆಗಿನ ದಾರಿಯಂತೂ ಇನ್ನೂ ಮೂಲಗ್ರಾಮದ ಹಿಡುವಳಿದಾರರ ನಂಬರುಗಳಲ್ಲಿಯೇ ಇರುತ್ತದೆ.

ಇನ್ನು ಅಗಲದ ಮಾನದಂಡಕ್ಕೆ ಬರಬಹುದು. 1943ರ ನಾಗಪುರ ಯೋಜನೆ ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿಯಿಂದ ಗ್ರಾಮ ರಸ್ತೆಯವರೆಗೆ ವರ್ಗೀಕರಿಸಿತು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2002ರ ಗ್ರಾಮೀಣ ರಸ್ತೆ ಕೈಪಿಡಿಯ ಪ್ರಕಾರ ಗ್ರಾಮ ರಸ್ತೆಯ ವಾಹನಪಥ 3.75 ಮೀಟರು, ದಿನಕ್ಕೆ ನೂರಕ್ಕಿಂತ ಕಡಿಮೆ ಮೋಟಾರು ವಾಹನ ಓಡಾಡುವಲ್ಲಿ 3 ಮೀಟರು, ಎರಡೂ ಬದಿಯ ಮಣ್ಣಿನ ಅಂಚು ಸೇರಿ 6 ಮೀಟರು. ಅರ್ಧ ಸರಪಳಿಯ ದಾರಿ ಸುಮಾರು 5 ಮೀಟರು. ಅಂದರೆ ಆಧುನಿಕ ಗ್ರಾಮ ರಸ್ತೆಯ ಕನಿಷ್ಠಕ್ಕೂ ಒಂದು ಮೀಟರು ಕೊರತೆ. ನಕಾಶೆಯ ಬಂಡಿದಾರಿಯನ್ನು ಪೂರ್ಣವಾಗಿ ಬಿಡಿಸಿದರೂ ಎದುರು ಬದುರು ಬಂದ ಟ್ರ್ಯಾಕ್ಟರೂ ಆಂಬುಲೆನ್ಸೂ ದಾಟಿಕೊಳ್ಳಲು ಒಂದು ಹಿಂದಕ್ಕೆ ಸರಿಯಲೇಬೇಕಾದೀತು. ಆದರೂ ಆಂಬುಲೆನ್ಸ್ ಒಂದಕ್ಕೆ ಅಷ್ಟು ಸಾಕು. ಬಹುತೇಕ ಕಡೆ ಸಮಸ್ಯೆ ಕೊರತೆಯದಲ್ಲ, ಒತ್ತುವರಿಯದು. ಯೋಜನಾ ಪ್ರಾಧಿಕಾರದ ಅನುಮೋದನೆ ಪಡೆದ ಬಡಾವಣೆಗಳಲ್ಲಿ 9 ಮೀಟರಿನ ರಸ್ತೆ ಸಾಮಾನ್ಯವಾಗಿದ್ದು, ಅದನ್ನು ಸ್ಥಳೀಯ ಸಂಸ್ಥೆಗೆ ಬರೆದುಕೊಡಬೇಕಾಗುತ್ತದೆ. ಪಟ್ಟಣದಂಚಿನ 'ರೆವಿನ್ಯೂ ಸೈಟು'ಗಳಿಗೆ ಅಂತಹ ನಿರ್ಬಂಧ ತಟ್ಟಲಿಲ್ಲ. 2020ರಲ್ಲಿ ಭೂಸುಧಾರಣಾ ಕಾಯಿದೆಯ 79-ಎ, 79-ಬಿ ಪ್ರಕರಣಗಳು ರದ್ದಾಗಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಅವಕಾಶವಾದ ಮೇಲೆ ಗುಂಟೆಗಳ ಲೆಕ್ಕದ ತೋಟದ ತುಂಡುಗಳಿಗೂ ಗಿರಾಕಿ ಹುಟ್ಟಿದ್ದಾರೆ. ಕೃಷಿಭೂಮಿಯಾಗಿಯೇ ಉಳಿಯುವ ಈ ತುಂಡುಗಳ ಒಳರಸ್ತೆ ಬಡಾವಣೆಯ ನಿಯಮಕ್ಕೂ ಒಳಪಡದೆ, ಬಂಡಿದಾರಿಯ ಲೆಕ್ಕಕ್ಕೂ ಸೇರದೆ, ಮಾರಿದವನ ಮಾತಿನ ಮೇಲೆ ನಿಂತಿರುತ್ತದೆ.

2008ರ ನವೆಂಬರ್ 1ರಂದು 'ಆರೋಗ್ಯ ಕವಚ' 108 ಸೇವೆ ರಾಜ್ಯದಲ್ಲಿ ಆರಂಭವಾಯಿತು. ಅಲ್ಲಿಯವರೆಗೆ ಮಂಚವನ್ನೋ, ಬಿದಿರುಗಳಕ್ಕೆ ಕಟ್ಟಿದ ಕಂಬಳಿ ಜೋಲಿಯನ್ನೋ ಹೊತ್ತು ಬಸ್ಸಿನ ದಾರಿಗೆ ಬರುತ್ತಿದ್ದ ಹಳ್ಳಿಗರಿಗೆ ಇದು ದೊಡ್ಡ ಪಲ್ಲಟ. ರೋಗಿ ವಾಹನದ ಬಳಿಗೆ ಹೋಗುವ ಬದಲು ವಾಹನವೇ ರೋಗಿಯ ಬಳಿಗೆ ಬರಬೇಕೆಂಬ ನಿರೀಕ್ಷೆ ಮೊದಲ ಬಾರಿಗೆ ಹುಟ್ಟಿತು. ಹೊಲದಾರಿಯ ಜಗಳ ಬೆಳೆ ಸಾಗಿಸುವ ಜಗಳವಾಗಿದ್ದದ್ದು ಜೀವದ ಜಗಳವೂ ಆಯಿತು. ತೋಟದ ಮನೆಗಳು ಹೆಚ್ಚಿದಂತೆ, ಬೋರ್‌ವೆಲ್ಲಿನ ಆಸರೆಯಲ್ಲಿ ಊರು ಬಿಟ್ಟು ಹೊಲದಲ್ಲೇ ನೆಲೆಸಿದ ಕುಟುಂಬಗಳಿಗೆ, ಇದರ ಬಿಸಿ ಹೆಚ್ಚಾಗಿ ತಟ್ಟಿದೆ.

ಸರ್ಕಾರದ ಪ್ರತಿಕ್ರಿಯೆ ಎರಡು ಬಗೆಯದು. ಒಂದು, ನಿರ್ಮಾಣ: ಉದ್ಯೋಗ ಖಾತರಿಯ ಹಣದಲ್ಲಿ ಹೊಲದಾರಿಗಳನ್ನು ಮಾಡಿಸುವ 'ನಮ್ಮ ಹೊಲ ನಮ್ಮ ದಾರಿ'. ನಕಾಶೆಯ ದಾರಿಯನ್ನು ಅಳೆದು, ಒತ್ತುವರಿ ಬಿಡಿಸಿ, ಮಣ್ಣು ಹಾಕಿಸಿದ ಕಡೆ ಇದು ಫಲ ಕೊಟ್ಟಿತು. ಹಿಡುವಳಿದಾರರ ಒಪ್ಪಿಗೆ ಪತ್ರದ ಮೇಲೆ ಮಾಡಿಸಿದ ಕಡೆ ಒಪ್ಪಿದವನ ಮಗ ಒಪ್ಪದಿರುವ ಸಂಭವ ಉಳಿದೇ ಇತ್ತು. ಇನ್ನೊಂದು, ಅಧಿಕಾರ: 2023ರಲ್ಲಿ ಕಂದಾಯ ಇಲಾಖೆಯು, ನಕಾಶೆಯಲ್ಲಿರುವ ಕಾಲುದಾರಿ ಬಂಡಿದಾರಿಗಳನ್ನು ಅಡ್ಡಗಟ್ಟಿದಲ್ಲಿ ತಹಶೀಲ್ದಾರರು ತಾಲೂಕು ದಂಡಾಧಿಕಾರಿಗಳಾಗಿ ದಂಡಪ್ರಕ್ರಿಯಾ ಸಂಹಿತೆಯ 147ನೆಯ ಪ್ರಕರಣದಡಿ ಕ್ರಮ ಕೈಗೊಳ್ಳಬೇಕೆಂದು ಸುತ್ತೋಲೆ ಹೊರಡಿಸಿತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೆಯ ಪ್ರಕರಣ ಬಂದಿದೆ. ಮುಂಬಯಿ ಪ್ರಾಂತದ ರೈತನಿಗೆ 1906ರಲ್ಲಿ ದೊರೆತದ್ದನ್ನು ಹೋಲುವ ಪರಿಹಾರ ಹೀಗೆ ಬೇರೊಂದು ಬಾಗಿಲಿನಿಂದ ಮಧುಗಿರಿಯ ರೈತನನ್ನು ತಲುಪಿತು. ಆದರೆ ಈ ಪ್ರಕರಣದ ಆಧಾರ ಶಾಂತಿಭಂಗದ ಸಂಭವ. ಜಗಳವಾಡುವಷ್ಟು ಬಲವುಳ್ಳವನ ದಾರಿಗೆ ಇದು ಬೇಗ ಅನ್ವಯಿಸುತ್ತದೆ. ಜಗಳಕ್ಕೇ ಹೋಗದೆ ಬದುವಿನ ಮೇಲೆ ಮಗುವನ್ನೆತ್ತಿಕೊಂಡು ನಡೆಯುವ ಒಂಟಿ ಹೆಂಗಸಿನ ದಾರಿ ಶಾಂತವಾಗಿಯೇ ಮುಚ್ಚಿಹೋಗಬಹುದು.

ಪಾವಗಡದ ಸೌರ ಉದ್ಯಾನ ಈ ಚರಿತ್ರೆಯ ಇತ್ತೀಚಿನ ಅಧ್ಯಾಯ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹಬ್ಬಿರುವ 'ಶಕ್ತಿಸ್ಥಳ' 2018ರ ಮಾರ್ಚ್ 1ರಂದು ಉದ್ಘಾಟನೆಗೊಂಡಿತು. ಇಲ್ಲಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭಿಸಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಸುವ ಕರಾರಿನ ಮೇಲೆ 28 ವರ್ಷಗಳ ಗುತ್ತಿಗೆಗೆ ಪಡೆಯಲಾಯಿತು. ಭಾರೀ ಯಂತ್ರಗಳಿಗಾಗಿ ಉದ್ಯಾನದೊಳಗೆ ಅಗಲವಾದ ರಸ್ತೆಗಳು ಬಂದವು. ಹಳೆಯ ಮಣ್ಣುದಾರಿಗಳಿದ್ದ ಸೀಮೆಯಲ್ಲಿ ಯಾವ ತುರ್ತು ವಾಹನವೂ ಸಲೀಸಾಗಿ ಓಡಬಲ್ಲ ದಾರಿಗಳಾದವು. ಜೊತೆಗೆ ಫಲಕಗಳ ಸುತ್ತ ತಂತಿಬೇಲಿಯೂ ಬಂತು. ಕುರಿಗಾರರು ಹಿಂದಿನ ಅಡ್ಡದಾರಿಗಳನ್ನು ಬಿಟ್ಟು ಬಳಸಿ ನಡೆಯತೊಡಗಿದರು. ಭೂಮಿಯ ಒಡೆತನ ರೈತರಲ್ಲಿಯೇ ಉಳಿದಿರುವುದರಿಂದ ಐದು ಗ್ರಾಮಗಳ ನಕಾಶೆಗಳಲ್ಲಿ ಹಳೆಯ ನಂಬರುಗಳೂ ಚುಕ್ಕಿಗೆರೆಗಳೂ ಅಳಿದಿಲ್ಲ. ನೆಲದ ಮೇಲೆ ಬದು, ಕಲ್ಲು, ಬಂಡಿಯ ಜಾಡು ಯಾವುದೂ ಕಾಣದಂತೆ ಸಪಾಟಾಗಿರುವ ಆ ಬಯಲಿನಲ್ಲಿ, ಗುತ್ತಿಗೆ ಮುಗಿದ ದಿನ ಹೊಲವನ್ನು ಮರಳಿ ಪಡೆಯುವವರು ತಮ್ಮ ಹಿಸ್ಸೆಯನ್ನೂ ಅದಕ್ಕೆ ಹೋಗುವ ದಾರಿಯನ್ನೂ 33 ಅಡಿ ಸರಪಳಿಯ ಆ ಹಳೆಯ ಟಿಪ್ಪಣಿಗಳಿಂದಲೇ ಮತ್ತೆ ಅಳೆಯಿಸಬೇಕಾಗುತ್ತದೆ.